ನಾನೂರು ಗ್ರಾಂ

"ಅದನ್ನು ತಕ್ಕಡಿಗೆ ಹಾಕಿ," ಅಂದಳು ಇನ್ಸ್‌ಪೆಕ್ಟರ್.

"ಯಾವುದನ್ನ?"

"ಬ್ರೆಡ್ಡನ್ನ."

ಬೇಕರಿಯ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೆಳಗಿನ ಎಂಟು ಗಂಟೆ, ವ್ಯಾಪಾರದ ಹೊತ್ತು. ಯೂನಿಫಾರಂ ಕಂಡ ಇಬ್ಬರು ಗಿರಾಕಿಗಳು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಜಾಗ ಖಾಲಿ ಮಾಡಿದ್ದರು.

"ಬ್ರೆಡ್ಡನ್ನ ಯಾರಮ್ಮಾ ತೂಗ್ತಾರೆ? ಒಂದು ಅಂದ್ರೆ ಒಂದು."

"ಹಾಕಿ, ನೋಡೋಣ."

ಹೆಂಗಸು ಬ್ರೆಡ್ಡನ್ನು ಎತ್ತಿ ಕುಕ್ಕಿದಳು. ಮುಳ್ಳು ಅಲ್ಲಾಡಿ ನಿಂತಿತು. ಮುನ್ನೂರ ಐವತ್ತೈದು ಗ್ರಾಂ.

"ಪೊಟ್ಟಣದ ಮೇಲೆ ನಾನೂರು ಅಂತಿದೆಯಲ್ಲ?" ಹಿಂದೆ ನಿಂತಿದ್ದ ದಫೇದಾರ ಬಗ್ಗಿ ಓದಿದ.

"ಪೊಟ್ಟಣ ಹಳೇದು. ಐವತ್ತು ಸಾವಿರ ಒಟ್ಟಿಗೇ ಅಚ್ಚು ಹಾಕಿಸಿದ್ದೀವಿ, ಅದು ಮುಗಿಯೋವರೆಗೆ ಅದೇ." ಹೆಂಗಸು ದನಿ ತಗ್ಗಿಸಿದಳು. "ಹಿಟ್ಟು ತುಟ್ಟಿ ಆಯ್ತು. ಬೆಲೆ ಏರಿಸಿದ್ರೆ ಜನ ಬಾಯಿಗೆ ಬಂದ ಹಾಗೆ ಬೈತಾರೆ. ತೂಕ ಇಳಿಸಿದ್ರೆ ಬೈಯೋರಿಲ್ಲ. ಆಮೇಲೆ ಬೆಲೇನೂ ಏರಿಸಿದ್ವಿ ಅನ್ನಿ."

"ತೂಕ ಇಳಿದದ್ದು ಯಾರಿಗೂ ಗೊತ್ತಾಗಲಿಲ್ವಾ?"

"ಒಬ್ಬರಿಗೆ ಗೊತ್ತಾಗ್ತಿತ್ತು."

ಆ ಒಬ್ಬ ಈಗ ಇರಲಿಲ್ಲ. ಅಂಕಿ-ಅಂಶ ಕಚೇರಿಯ ಬೆಲೆ ಸಂಗ್ರಾಹಕ, ಊರೆಲ್ಲ 'ತಕ್ಕಡಿ' ಎಂದು ಕರೆಯುತ್ತಿದ್ದ ಮನುಷ್ಯ, ಹೋದ ಶನಿವಾರ ಮಧ್ಯಾಹ್ನ ಕಚೇರಿಯ ದಾಖಲೆ ಕೋಣೆಯಲ್ಲಿ ಕಬ್ಬಿಣದ ರ್ಯಾಕಿನ ಕೆಳಗೆ ಸತ್ತು ಸಿಕ್ಕಿದ್ದ. ರ್ಯಾಕನ್ನು ಹಿಂದಿನಿಂದ ಯಾರೋ ತಳ್ಳಿದ್ದರು. ಅದರ ಬೆನ್ನಿನ ಧೂಳಿನಲ್ಲಿ ಎರಡು ಅಂಗೈ ಅಗಲದ, ಒರಸಿದ ಗುರುತು ಇತ್ತು. ತಳ್ಳಿದವನೆಂದು ತಕ್ಕಡಿಯ ಹೆಂಡತಿಯ ತಮ್ಮ ಲಾಕಪ್ಪಿನಲ್ಲಿದ್ದ. ನಾಳೆ ಹತ್ತು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಕೊಲೆಯ ಆರೋಪ ಹೊರಿಸಬೇಕೆಂದು ಮೇಲಿನ ಸಾಹೇಬರ ಅಪ್ಪಣೆಯಾಗಿತ್ತು.

ಅಪ್ಪಣೆ ಸುಲಭವಾಗಿಯೇ ಹೊರಟಿತ್ತು. ಈ ತಮ್ಮನೇ ಗಾಜಿನ ಕಾರ್ಖಾನೆಯ ಕಾರ್ಮಿಕರ ಮುಖಂಡ. ಆ ಕಾರ್ಖಾನೆಯ ಎರಡು ಸಾವಿರ ಜನರ ಕೂಲಿ ಈ ಊರಿನ ಬೆಲೆ ಸೂಚ್ಯಂಕದ ಮೇಲೆ ನಿಂತಿದೆ. ಸೂಚ್ಯಂಕ ಏರಿದಷ್ಟು ಕೂಲಿ ಏರಬೇಕು. ಆರು ತಿಂಗಳಿಂದ ಅದು ಕದಲಿರಲಿಲ್ಲ. ಗುರುವಾರ ಕಾರ್ಖಾನೆಯ ಗೇಟಿನಲ್ಲಿ ನೂರು ಜನರ ಎದುರು ಅವನು ಭಾವನ ಕೊರಳಪಟ್ಟಿ ಹಿಡಿದಿದ್ದ. "ನಿನ್ನ ಸುಳ್ಳು ಲೆಕ್ಕಕ್ಕೆ ನಿನ್ನ ಕೈ ಮುರೀತೀನಿ" ಅಂದಿದ್ದ. ಶನಿವಾರ ಅವನು ಕಚೇರಿಯೊಳಗೆ ಹೋದದ್ದನ್ನು ವಾಚ್‌ಮನ್ ನೋಡಿದ್ದ. ಹಿಡಿದು ತಂದ ಮೇಲೆ ಇವತ್ತಿನವರೆಗೆ ಒಂದು ಮಾತು ಆಡಿರಲಿಲ್ಲ.

ಆ ಮೌನವೇ ಇನ್ಸ್‌ಪೆಕ್ಟರಿಗೆ ಸರಿ ಕಂಡಿರಲಿಲ್ಲ. ಕೊಂದವರು ಒಂದಲ್ಲ ಒಂದು ಕಥೆ ಕಟ್ಟುತ್ತಾರೆ. ಕಥೆಯನ್ನೇ ಕಟ್ಟದವನನ್ನು ಅವಳು ಹನ್ನೊಂದು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಅದಕ್ಕೇ ತಕ್ಕಡಿ ಸಾಯುವ ಹಿಂದಿನ ದಿನದ, ಅಂದರೆ ಶುಕ್ರವಾರದ ಬೆಲೆ ಫಾರಂ ಹಿಡಿದು ಅವನು ನಡೆದ ದಾರಿಯಲ್ಲೇ ಅಂಗಡಿಯಿಂದ ಅಂಗಡಿಗೆ ನಡೆಯುತ್ತಿದ್ದಳು.

"ಶುಕ್ರವಾರ ಬಂದಿದ್ರಾ ಅವರು?"

"ಬರದೆ? ಇಪ್ಪತ್ತೇಳು ವರ್ಷದಲ್ಲಿ ಒಂದು ಶುಕ್ರವಾರ ತಪ್ಪಿಸಿದ್ದು ನಾ ಕಾಣೆ. ನಮ್ಮತ್ತೆ ಸತ್ತ ದಿನಾನೂ ಬಂದು, 'ಅಂಗಡಿ ಎಷ್ಟು ಹೊತ್ತಿಗೆ ತೆಗೀತೀಯಾ?' ಅಂತ ಕೇಳಿದ ಪುಣ್ಯಾತ್ಮ."

"ತೂಗಿದ್ರಾ?"

"ತೂಗಿದ್ರು. ಅವರದೇ ಒಂದು ಕೈತಕ್ಕಡಿ ಇತ್ತಲ್ಲ. ಈಚೆಗೆ ಹಿಡಿದ್ರೆ ಮುಳ್ಳು ನಿಲ್ತಿರಲಿಲ್ಲ, ಕೈ ಅಷ್ಟು ನಡುಗೋದು. ನಾನೇ ಹಿಡ್ಕೋತಿದ್ದೆ." ಹೆಂಗಸು ನಕ್ಕಳು, ಆಮೇಲೆ ಆ ನಗೆಗೆ ತಾನೇ ನಾಚಿದಳು. "ನನ್ನ ಕಳ್ಳತನಕ್ಕೆ ನಾನೇ ತಕ್ಕಡಿ ಹಿಡಿದೆ ನೋಡಿ. 'ಅಕ್ಕಾ, ನಿನ್ನ ಬ್ರೆಡ್ಡು ನನಗಿಂತ ಬೇಗ ಸೊರಗ್ತಾ ಇದೆ' ಅಂದ್ರು. ಮುನ್ನೂರ ಐವತ್ತೈದು ಅಂತ ಬರ್ಕೊಂಡ್ರು."

"ಈ ಫಾರಂನಲ್ಲಾ?"

"ಫಾರಂ ಯಾಕೆ ತೆಗೀತಾರೆ? ಸರ್ಕಾರಿ ಕಾಗದ ಕಂಡ್ರೆ ವ್ಯಾಪಾರಿಗಳ ಬಾಯಿ ಕಟ್ಟಿಹೋಗುತ್ತೆ ಅಂತಿದ್ರು. ಜೇಬಿನ ಪುಸ್ತಕದಲ್ಲಿ ಪೆನ್ಸಿಲಲ್ಲಿ ಗೀಚ್ಕೊಳ್ಳೋದು. ಆಮೇಲೆ ಎಲ್ಲೋ ಕೂತು ಫಾರಂ ತುಂಬೋದು. ಏನು ಗೀಚಾಟ ಅಂತೀರಿ, ಕಾಗೆ ಕಾಲು ಗುಬ್ಬಿ ಕಾಲು."

ಇನ್ಸ್‌ಪೆಕ್ಟರ್ ತನ್ನ ಕೈಯಲ್ಲಿದ್ದ ಫಾರಂ ನೋಡಿದಳು. ಬ್ರೆಡ್ಡು: ತೂಕ ನಾನೂರು ಗ್ರಾಂ. ಬೆಲೆ ಆರು ತಿಂಗಳ ಹಿಂದಿನದು. ಅಕ್ಷರ ದುಂಡಗೆ, ಸಾಲಾಗಿ, ಒಂದೂ ತಿದ್ದಿಲ್ಲದೆ.

ಬೀದಿಯ ಕೊನೆಯವರೆಗೆ ಅದೇ ಕತೆ. ಸಕ್ಕರೆ ಸರಿ, ಸೋಪು ಸರಿ. ಈರುಳ್ಳಿ ತಪ್ಪು, ಎಣ್ಣೆ ತಪ್ಪು, ಸೀಮೆಎಣ್ಣೆ ತಪ್ಪು. ಚಪ್ಪಲಿ ಅಂಗಡಿಯ ಬಾಗಿಲಿಗೆ ಬೀಗ. ಮಾಲೀಕ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿ ಐದು ವಾರವಾಯಿತೆಂದು ಪಕ್ಕದವರು ಹೇಳಿದರು. ಫಾರಂನಲ್ಲಿ ಮಾತ್ರ ಹೋದ ಶುಕ್ರವಾರ ಅಲ್ಲಿ ಗಂಡಸರ ಚಪ್ಪಲಿ, ಹೆಂಗಸರ ಚಪ್ಪಲಿ, ಮಕ್ಕಳ ಬೂಟು, ಮೂರಕ್ಕೂ ಬೆಲೆ ಇತ್ತು.

"ಬೀಗ ಹಾಕಿದ ಅಂಗಡಿಯಲ್ಲಿ ಬೆಲೆ ಕೇಳ್ಕೊಂಡು ಬಂದಿದ್ದಾರೆ ಅಂದ್ರೆ," ಅಂದ ದಫೇದಾರ, "ಸತ್ತಮೇಲೆ ಬಂದಿರಬೇಕು ಮೇಡಂ."

"ತಮಾಷೆ ಸಾಕು. ಎಷ್ಟಾಯ್ತು?"

"ನಲವತ್ತೆರಡರಲ್ಲಿ ಹದಿನೇಳು ತಪ್ಪು."

"ತಕ್ಕಡಿ ಶುಕ್ರವಾರ ಬಂದಿದ್ದ, ಸರಿಯಾಗಿ ತೂಗಿದ್ದ, ಸರಿಯಾಗಿ ಬರ್ಕೊಂಡಿದ್ದ. ಆದರೆ ಫೈಲಿನಲ್ಲಿರೋ ಫಾರಂ ಅವನು ಕಂಡದ್ದಲ್ಲ. ಯಾರೋ ಬದಲಾಯಿಸಿದ್ದಾರೆ. ಆ ಯಾರೋ ಅನ್ನೋರು ಕಚೇರಿಯವರೇ." ಇನ್ಸ್‌ಪೆಕ್ಟರ್ ಫಾರಂ ಮಡಚಿದಳು. "ಗಾಜು ಊದೋನು ಫೈಲಿಗೆ ಕೈ ಹಾಕೋಕಾಗಲ್ಲ."

ಅವಳಿಗೆ ತಾನು ಗೆದ್ದೆ ಅನ್ನಿಸಿತು. ಹನ್ನೊಂದು ಗಂಟೆಯವರೆಗೆ ಹಾಗೇ ಅನ್ನಿಸಿತ್ತು.

* * *

ಕಚೇರಿಯ ಮೇಲ್ವಿಚಾರಕನನ್ನು ಕೈಕೆಳಗಿನವರು ಬೆನ್ನ ಹಿಂದೆ 'ಸರಾಸರಿ' ಅನ್ನುತ್ತಿದ್ದರು. ಎತ್ತರವಲ್ಲ, ಕುಳ್ಳಲ್ಲ. ದಪ್ಪವಲ್ಲ, ತೆಳುವಲ್ಲ. ಯಾರಿಗೂ ಹೌದು ಅಂದವನಲ್ಲ, ಇಲ್ಲ ಅಂದವನೂ ಅಲ್ಲ. ಅವನ ಮೇಜಿನ ಮೇಲೆ ಒಂದು ಕಾಗದವೂ ಇರಲಿಲ್ಲ.

"ತನಿಖೆ ಮುಗಿದಿಲ್ವೇ ಮೇಡಂ?"

"ಒಂದು ಅಂಕಿ ಬೇಕಿತ್ತು. ಈ ಊರಲ್ಲಿ ಬೆಲೆ ಎಷ್ಟು ಏರಿದೆ ಅನ್ನೋದಕ್ಕೆ ನಂಬೋ ಅಂಥ ಅಂಕಿ ಎಲ್ಲಿ ಸಿಗುತ್ತೆ?"

ಸರಾಸರಿಯ ಮುಖ ಮೊದಲ ಸಲ ಅರಳಿತು. ಕಳೆದ ನಾಲ್ಕು ದಿನದಲ್ಲಿ ಅವನಿಗೆ ಬಾಯಿತುಂಬ ಉತ್ತರ ಗೊತ್ತಿದ್ದ ಪ್ರಶ್ನೆ ಇದೊಂದೇ.

"ನಮ್ಮ ತಿಂಗಳ ವರದಿ ನೋಡಿ. ವರ್ಷದ ಪುಸ್ತಕ ಇದೆ, ಗ್ರಂಥಾಲಯದಲ್ಲೂ ಇಡ್ತಾರೆ. ವೆಬ್‌ಸೈಟಿದೆ, ಬಿಟ್ಟಿ. ದೊಡ್ಡ ಬ್ಯಾಂಕಿನೋರು ಬೇರೆ ಹಾಕ್ತಾರೆ. ಹೊರದೇಶದ ಸಂಸ್ಥೆಗಳ ಪಟ್ಟೀಲೂ ಸಿಗುತ್ತೆ. ಎಲ್ಲಿ ನೋಡಿದ್ರೂ ಒಂದೇ, ದಶಾಂಶ ಕೂಡ ವ್ಯತ್ಯಾಸ ಇಲ್ಲ."

"ಬ್ಯಾಂಕಿನೋರಿಗೆ ಎಲ್ಲಿಂದ ಬರುತ್ತೆ?"

"ನಮ್ಮ ವರದಿಯಿಂದ."

"ಹೊರದೇಶದೋರಿಗೆ?"

"ಬ್ಯಾಂಕಿನಿಂದ."

"ನಿಮ್ಮ ವರದಿಗೆ?"

"ಫಾರಂನಿಂದ."

"ಫಾರಂಗೆ?"

ಸರಾಸರಿ ಬೀರುವಿನ ಕಡೆ ನೋಡಿದ.

"ಐದು ಕೊಡ ನೀರು ಒಂದೇ ರುಚಿ ಇದೆ ಅಂದ್ರೆ ನೀರು ಒಳ್ಳೇದು ಅಂತಲ್ಲ," ಅಂದಳು ಇನ್ಸ್‌ಪೆಕ್ಟರ್. "ಬಾವಿ ಒಂದೇ ಅಂತ." ಮಡಚಿದ ಫಾರಂ ಬಿಡಿಸಿ ಖಾಲಿ ಮೇಜಿನ ಮೇಲಿಟ್ಟಳು. "ಹದಿನೇಳು ಸುಳ್ಳು. ಬೀಗ ಹಾಕಿದ ಅಂಗಡಿಯ ಬೆಲೆ ಬೇರೆ. ತಕ್ಕಡಿ ಬರೆದ ಫಾರಂ ತೆಗೆದು ಇದನ್ನಿಟ್ಟೋರು ನೀವು. ಅವನ ಕಣ್ಣಿಗೆ ಬಿತ್ತು. ಶನಿವಾರ ಹಳೇ ಫಾರಂ ಹುಡುಕೋಕೆ ದಾಖಲೆ ಕೋಣೆಗೆ ಹೋದ. ನೀವು ಹಿಂದೇನೇ ಹೋದ್ರಿ."

ಬೈಗುಳವನ್ನೋ ಬೆವರನ್ನೋ ನಿರೀಕ್ಷಿಸಿ ಕೂತಿದ್ದಳು. ಎರಡೂ ಬರಲಿಲ್ಲ. ಸರಾಸರಿ ಎದ್ದ. ಬೀರು ತೆರೆದ. ದಾರ ಕಟ್ಟಿದ ಒಂದು ಕಟ್ಟು ತಂದು ಅವಳ ಮುಂದಿಟ್ಟ.

"ಬಿಚ್ಚಿ ನೋಡಿ. ಆರು ತಿಂಗಳದ್ದು, ಇಪ್ಪತ್ತಾರು ಶುಕ್ರವಾರ."

ಬಿಚ್ಚಿದಳು. ಇಪ್ಪತ್ತಾರು ಫಾರಂ. ಎಲ್ಲದರಲ್ಲೂ ಅದೇ ದುಂಡು ಅಕ್ಷರ. ಎಲ್ಲದರಲ್ಲೂ ಬ್ರೆಡ್ಡಿಗೆ ನಾನೂರು ಗ್ರಾಂ. ಬೆಲೆ ತುಂಬುವ ಒಂದು ಮನೆಯೂ ಖಾಲಿ ಇಲ್ಲ.

"ಈಗ ಇದನ್ನು ನೋಡಿ." ಇನ್ನೊಂದು ಕಟ್ಟು. ಅದಕ್ಕೂ ಹಿಂದಿನದು. ಓರೆ ಅಕ್ಷರ, ಒತ್ತಿ ಬರೆದ ಅಕ್ಷರ, ಕೊನೆಕೊನೆಗೆ ಅಲುಗಿದ ಅಕ್ಷರ. ಒಂದೊಂದು ಹಾಳೆಯಲ್ಲೂ ನಾಲ್ಕೈದು ಮನೆ ಖಾಲಿ, ಅಂಚಿನಲ್ಲಿ ಟಿಪ್ಪಣಿ. 'ಅಂಗಡಿ ಮುಚ್ಚಿದೆ.' 'ಸರಕು ಬಂದಿಲ್ಲ.' 'ಮಾಲೀಕ ಹೇಳಲೊಲ್ಲ, ನಾಳೆ ಮತ್ತೆ ಹೋಗುವುದು.' ಒಂದು ಕಡೆ, 'ಬ್ರೆಡ್ಡು 388. ಕೇಳಿದ್ದಕ್ಕೆ ಅಳತೆ ನನ್ನದೇ ತಪ್ಪಂತೆ.'

ಇನ್ಸ್‌ಪೆಕ್ಟರಿಗೆ ಈಗ ಗೊತ್ತಾಯಿತು. ಯಾರೂ ಏನನ್ನೂ ಬದಲಾಯಿಸಿರಲಿಲ್ಲ. ಸುಳ್ಳು ಫಾರಂ ಆರು ತಿಂಗಳಿಂದ ತಕ್ಕಡಿಯ ಕೈಯಿಂದಲೇ ಇಲ್ಲಿಗೆ ಬರುತ್ತಿತ್ತು.

"ಅಕ್ಷರ ಬದಲಾಗಿದೆ."

"ಗೊತ್ತು."

"ಯಾಕೆ ಅಂತ ಕೇಳಲಿಲ್ವಾ?"

"ಕೇಳಿದ್ರೆ ಕೈ ನಡುಗುತ್ತೆ ಅಂತಿದ್ದ. ಕೈ ನಡುಗೋನು ಈ ಕೆಲಸಕ್ಕೆ ಬರಲ್ಲ ಅಂತ ನಾನು ಬರೀಬೇಕಿತ್ತು. ಅವನ ಜಾಗಕ್ಕೆ ಇನ್ನೊಬ್ಬನನ್ನು ಕೊಡಲ್ಲ ಅಂತ ಮೇಲಿನೋರು ಬರೀತಿದ್ರು." ಸರಾಸರಿ ಕನ್ನಡಕ ಒರೆಸಿದ. "ಮೊದಲು ವಾರವಾರ ಫೋನು ಬರ್ತಿತ್ತು ಮೇಡಂ. ಆ ಮನೆ ಖಾಲಿ ಯಾಕೆ, ಈ ಬೆಲೆ ಏರಿದ್ದು ಯಾಕೆ, ಮತ್ತೆ ಕಳಿಸಿ ನೋಡಿ. ಈ ಫಾರಂ ಶುರುವಾದ ಮೇಲೆ ಒಂದು ಫೋನಿಲ್ಲ. ಈ ಊರಿನ ಅಂಕಿ ಚೆನ್ನಾಗಿದೆ ಅಂತ ಮೆಚ್ಚುಗೆ ಪತ್ರ ಬಂತು."

"ಅದನ್ನೂ ಫೈಲಿಗೆ ಹಾಕಿದ್ರಾ?"

"ಇಲ್ಲ. ನಿಮ್ಮ ಹಿಂದೆ ಗೋಡೆ ಮೇಲಿದೆ."

ಅವಳು ತಿರುಗಿ ನೋಡಲಿಲ್ಲ.

"ಶುಕ್ರವಾರ ಸಂಜೆ ಬಂದಿದ್ದ," ಸರಾಸರಿ ತಾನಾಗಿಯೇ ಹೇಳಿದ. "ಆರು ತಿಂಗಳ ಅಂಕಿ ರದ್ದು ಮಾಡಿ ಅಂತ ದೊಡ್ಡ ಕಚೇರಿಗೆ ಬರೀತೀನಿ ಅಂದ. ಜೇಬಿನ ಪುಸ್ತಕ ಎಲ್ಲಾ ತರ್ತೀನಿ, ಫಾರಂ ಪಕ್ಕ ಇಟ್ಟು ಪಟ್ಟಿ ಮಾಡ್ತೀನಿ ಅಂದ."

"ನೀವೇನಂದ್ರಿ?"

"ಸೋಮವಾರ ಮಾತಾಡೋಣ ಅಂದೆ. ಅವನು ಶನಿವಾರವೇ ಬಂದ."

"ನೀವೆಲ್ಲಿದ್ರಿ ಆಗ?"

"ಇದೇ ಕುರ್ಚೀಲಿ. ಅರ್ಧ ದಿನ, ಎಲ್ಲರೂ ಹೋಗಿದ್ರು. ಯಾರೂ ನನ್ನ ನೋಡಿಲ್ಲ. ಬೇಕಾದ್ರೆ ಬರ್ಕೊಳ್ಳಿ." ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ, ಸುಸ್ತು ಇತ್ತು. "ದಾಖಲೆ ಕೋಣೆಗೆ ಬೀಗ ಇಲ್ಲ. ಹಳೇ ಅಂಕಿ ಯಾರು ಕದೀತಾರೆ? ಗೆದ್ದಲು ಹತ್ತುತ್ತೆ ಅಂತ ಕಟ್ಟುಗಳನ್ನೆಲ್ಲ ರ್ಯಾಕಿನ ಮೇಲಿನ ಎರಡು ಖಾನೆಗೇ ಎತ್ತಿಟ್ಟಿದ್ದಾರೆ. ತಲೆ ಭಾರ, ಬುಡ ಹಗುರ. ಯಾರು ತಳ್ಳಿದ್ರೂ ಬೀಳೋದೇ. ಅದಕ್ಕೆ ಗಾಜಿನ ಕಾರ್ಖಾನೆಯ ತೋಳು ಬೇಕಿಲ್ಲ."

"ಫಾರಂ ಅವನು ಕಚೇರೀಲಿ ಕೂತು ತುಂಬ್ತಿದ್ನಾ?"

"ಮನೆಯಿಂದ ತುಂಬ್ಕೊಂಡು ತರ್ತಿದ್ದ. ಶನಿವಾರ ಬೆಳಿಗ್ಗೆ."

"ಮನೇಲಿ ಯಾರ್ಯಾರಿದ್ದಾರೆ?"

"ಇನ್ಯಾರು? ಹೆಂಡತಿ ಒಬ್ಬಳೇ."

ಹೊರಗೆ ಬಂದ ಮೇಲೆ ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೆ ಒಂದು ನಿಮಿಷ ನಿಂತಳು. ತಮ್ಮನ ಮೌನಕ್ಕೆ ಈಗ ಒಂದು ಅರ್ಥ ಹೊಳೆಯುತ್ತಿತ್ತು.

"ದಫೇದಾರ್ರೇ, ನಾನು ತಕ್ಕಡಿ ಮನೆಗೆ ಹೋಗ್ತೀನಿ, ನೀವು ಸ್ಟೇಷನ್ನಿಗೆ ಹೋಗಿ. ಅವನಿಗೆ ಇಷ್ಟೇ ಹೇಳಿ. ಫಾರಂ ಬರೆದದ್ದು ಅಕ್ಕ ಅಂತ ಮೇಡಂಗೆ ಗೊತ್ತಾಗಿದೆ, ಮುಚ್ಚಿಡೋಕೆ ಇನ್ನೇನೂ ಇಲ್ಲ, ಈಗಲಾದ್ರೂ ಬಾಯಿ ಬಿಡು."

"ಬಿಟ್ರೆ?"

"ಬಿಟ್ರೆ ನಾಳೆ ಮನೆಗೆ ಹೋಗ್ತಾನೆ."

ಆ ಮಾತು ಹೇಳಿ ಕಳಿಸಬಾರದಿತ್ತೆಂದು ಅವಳಿಗೆ ಗೊತ್ತಾಗಲು ಇನ್ನೂ ಮೂರು ಗಂಟೆ ಬೇಕಿತ್ತು.

* * *

ಮನೆ ಎಂದರೆ ಎರಡು ಕೋಣೆ, ಮಹಡಿಯ ಮೇಲೆ. ಕೆಳಗೆ ಸೈಕಲ್ ರಿಪೇರಿ. ತಕ್ಕಡಿಯ ಹೆಂಡತಿ, ಲಾಕಪ್ಪಿನಲ್ಲಿದ್ದವನ ಅಕ್ಕ, ನೆಲದ ಮೇಲೆ ಕೂತು ಗಂಡನ ಅಂಗಿಗಳನ್ನು ಮಡಚುತ್ತಿದ್ದಳು. ಐವತ್ತರ ಆಸುಪಾಸಿನ, ಸಣ್ಣ ಕೈಗಳ ಹೆಂಗಸು. ಪಕ್ಕದಲ್ಲಿ ಊಟದ ಡಬ್ಬಿ, ಕಟ್ಟಿ ತಯಾರು.

"ತಮ್ಮನಿಗೆ," ಅಂದಳು. "ನಿಮ್ಮ ಸ್ಟೇಷನ್ನಿನ ಅನ್ನ ಅವನಿಗೆ ಇಳಿಯಲ್ಲ. ಬನ್ನಿ, ಕೂತ್ಕೊಳ್ಳಿ."

ಇನ್ಸ್‌ಪೆಕ್ಟರ್ ಕೂರಲಿಲ್ಲ. "ಅಕ್ಕಾ, ಆರು ತಿಂಗಳ ಫಾರಂ ನೀವು ಬರೆದದ್ದು."

ಅಕ್ಕನ ಕೈ ನಿಲ್ಲಲಿಲ್ಲ. ಒಂದು ತೋಳು ಮಡಚಿದಳು, ಇನ್ನೊಂದು ತೋಳು ಮಡಚಿದಳು, ಅಂಗಿಯನ್ನು ತಟ್ಟಿ ರಾಶಿಯ ಮೇಲಿಟ್ಟಳು.

"ಅವರ ಕೈ ಪೆನ್ನು ಹಿಡೀತಿರಲಿಲ್ಲ. ಕೆಲಸ ಹೋದ್ರೆ ಅವರು ಒಂದು ತಿಂಗಳು ಬದುಕ್ತಿರಲಿಲ್ಲ. ಊಟ ಬಿಟ್ಟಾರು, ಆ ಬೀದಿ ಬಿಡೋರಲ್ಲ. ನಾನು ಬರೀತೀನಿ ಕೊಡಿ ಅಂದೆ. ಎಂಟನೇ ಕ್ಲಾಸಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು."

"ಅವರು ಹೇಳ್ತಿದ್ರು, ನೀವು ಬರೀತಿದ್ರಿ?"

"ಮೊದಲ ವಾರ ಹೇಳಿದ್ರು. ಆಮೇಲೆ ಪುಸ್ತಕ ಕೈಗೆ ಕೊಟ್ಟು ಮಲಗೋರು. ಇಡೀ ದಿನ ನಡೆದು ಬಂದಿರ್ತಾರೆ, ಪಾಪ."

"ಜೇಬಿನ ಪುಸ್ತಕ ನೋಡಿ ಬರೆದ್ರೆ ತಪ್ಪು ಯಾಕೆ ಬಂತು?"

ಅಕ್ಕ ಮೊದಲ ಸಲ ತಲೆ ಎತ್ತಿದಳು.

"ಓದೋಕಾಗ್ತಿರಲಿಲ್ಲ ಮೇಡಂ. ಮೂರೋ ಎಂಟೋ, ಒಂದೋ ಏಳೋ. ಅರ್ಧ ಗೊತ್ತಾಗೋದು, ಅರ್ಧ ಗೊತ್ತಾಗ್ತಿರಲಿಲ್ಲ. ಎಬ್ಬಿಸಿ ಕೇಳಿದ್ದೆ ಒಂದು ಸಲ. 'ನನ್ನ ಬರಹ ನಿನಗೂ ಓದೋಕಾಗಲ್ವಾ?' ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಅತ್ತುಬಿಟ್ರು. ಆಮೇಲೆ ಕೇಳಲಿಲ್ಲ. ಓದೋಕಾಗದ್ದಕ್ಕೆಲ್ಲ ಹಿಂದಿನ ವಾರದ್ದೇ ಬರೆದೆ. ತೂಕ ಪೊಟ್ಟಣ ನೋಡಿ ಬರೆದೆ. ಖಾಲಿ ಬಿಟ್ರೆ ಕಚೇರಿಯವರು ಅವರನ್ನು ಮತ್ತೆ ಓಡಿಸ್ತಾರೆ, ಅದಕ್ಕೆ ಖಾಲಿ ಬಿಡಲಿಲ್ಲ."

ಒಂದು ವಾರ ಓದಲಾಗದ ಬೆಲೆ ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಹಾಗೆ ಬೆಲೆಗಳು ಒಂದೊಂದಾಗಿ ನಿಂತುಹೋದವು. ಎರಡು ಸಾವಿರ ಜನರ ಕೂಲಿ ನಿಂತುಹೋಯಿತು. ಅದರಲ್ಲಿ ಒಂದು ಕೂಲಿ ಸ್ವಂತ ತಮ್ಮನದು.

"ನೀವೇ ದಿನಾ ಅಂಗಡಿಗೆ ಹೋಗೋರು," ಅಂದಳು ಇನ್ಸ್‌ಪೆಕ್ಟರ್. "ಎಣ್ಣೆ ಎಷ್ಟಾಗಿದೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ಲದೆ? ಎಣ್ಣೆ ಕಮ್ಮಿ ಹಾಕಿ ಅಡುಗೆ ಮಾಡೋಳು ನಾನೇ ಅಲ್ವಾ?" ಅಕ್ಕ ಕೈಯಲ್ಲಿದ್ದ ಗುಂಡಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು. "ಆದ್ರೆ ನಾನು ಕೊಟ್ಟದ್ದು ಬರೆದ್ರೆ ಅದು ನನ್ನ ಲೆಕ್ಕ. ಅಡುಗೆಮನೆ ಲೆಕ್ಕ. ಹಿಂದಿನ ವಾರದ್ದು ಕಚೇರಿ ಒಪ್ಪಿದ ಲೆಕ್ಕ. ಯಾವುದು ನಿಜ ಅಂತ ಅಂದ್ಕೊಳ್ಳಲಿ ನಾನು?"

ಇನ್ಸ್‌ಪೆಕ್ಟರ್ ಕೂತಳು.

"ಗುರುವಾರ ಗಲಾಟೆ ಆದ್ಮೇಲೆ ಅವರು ಮನೆಗೆ ಬಂದು ಫಾರಂ ತೋರಿಸು ಅಂದ್ರು," ಅಕ್ಕ ಮುಂದುವರಿಸಿದಳು. "ಆ ವಾರದ್ದು ಇನ್ನೂ ಬರೆದಿರಲಿಲ್ಲ. ಹಿಂದಿನದರ ಕಚ್ಚಾ ಹಾಳೆ ತೋರಿಸಿದೆ. 'ಬ್ರೆಡ್ಡಿಗೆ ನಾನೂರು ಅಂತ ಯಾರು ಹೇಳಿದ್ರು ನಿನಗೆ?' ಅಂದ್ರು. ಪೊಟ್ಟಣ ತೋರಿಸಿದೆ. ರಾತ್ರಿ ಊಟ ಮಾಡಲಿಲ್ಲ. ಶುಕ್ರವಾರದ್ದೂ ನಾನೇ ಬರೆದೆ, ಅದೇ ಥರ. ಹಳೇದಕ್ಕೆ ಹೊಂದದಿದ್ರೆ ಸಿಕ್ಕಿಬೀಳ್ತೀವಿ ಅಂತ. ಶನಿವಾರ ಬೆಳಿಗ್ಗೆ ಅವರಿಗೆ ಹೇಳದೆ ಅದನ್ನು ಕಚೇರಿಗೆ ಕಳಿಸಿದ್ದೂ ನಾನೇ. ಮಧ್ಯಾಹ್ನ ಅವರು ಪುಸ್ತಕಗಳ ಚೀಲ ಹೆಗಲಿಗೆ ಹಾಕ್ಕೊಂಡು ಹೊರಟ್ರು. ಎಲ್ಲ ಹೇಳಿಬಿಡ್ತೀನಿ ಅಂದ್ರು."

"ನೀವು ಹಿಂದೆ ಹೋದ್ರಿ."

"ತಮ್ಮನಿಗೆ ಫೋನು ಮಾಡಿ ಹೋದೆ. ಡಬ್ಬಿ ಹಿಡ್ಕೊಂಡು ಹೋದೆ. ದಿನಾ ಡಬ್ಬಿ ತರೋಳು ನಾನು, ವಾಚ್‌ಮನ್ ನನ್ನನ್ನ ಲೆಕ್ಕಕ್ಕೆ ಹಿಡಿಯಲ್ಲ. ತಮ್ಮ ಬಂದು, ಕಚೇರಿ ಕೆಳಗಿನ ಸೈಕಲ್ ಸ್ಟ್ಯಾಂಡಿ‌ನ ಹತ್ತಿರ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದ. ಮೇಲೆ ಹೋಗಬೇಡ, ಭಾವನ ಜೊತೆ ನಾನು ಮಾತಾಡ್ತೀನಿ ಅಂದ. ಫಾರಂ ವಿಷಯ ಅವನಿಗೆ ಆವತ್ತೇ ಗೊತ್ತಾದದ್ದು. ಮುಖ ಬಿಳಿಚಿಹೋಯ್ತು ಅವನದು."

"ಯಾಕೆ?"

"ಕಾರ್ಖಾನೆ ಕೆಲಸಗಾರರು ಕೇಸು ಹಾಕಿದ್ದಾರಲ್ಲ, ಕಚೇರಿ ಬೇಕಂತ್ಲೇ ಸುಳ್ಳು ಅಂಕಿ ಕೊಡ್ತಿದೆ ಅಂತ. ಎರಡು ಸಾವಿರ ಜನ ಚಂದಾ ಹಾಕಿ ನಡೆಸ್ತಿರೋ ಕೇಸು. ಸುಳ್ಳು ಬರೆದದ್ದು ಮುಖಂಡನ ಸ್ವಂತ ಅಕ್ಕ ಅಂತಾದ್ರೆ? 'ಯಾರಿಗೂ ಹೇಳಬೇಡ, ಸತ್ರೂ ಹೇಳಬೇಡ' ಅಂದ. ಅಷ್ಟರಲ್ಲಿ ಮೇಲೆ ಏನೋ ಬಿದ್ದ ಸದ್ದಾಯ್ತು. ಮೇಜು ಎಳೀತಿದ್ದಾರೆ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಮುಂದಕ್ಕೆ ಬಾಗಿದಳು. "ಸದ್ದಾದಾಗ ಅವನು ಕೆಳಗಿದ್ದ."

"ಕೆಳಗಿದ್ದ."

"ಅಂದ್ರೆ ಅವನು ಕೊಂದಿಲ್ಲ."

"ನಾನು ನಾಲ್ಕು ದಿನದಿಂದ ಇನ್ನೇನು ನುಂಗ್ಕೊಂಡು ಕೂತಿದ್ದೀನಿ ಅಂದ್ಕೊಂಡ್ರಿ?" ಅಕ್ಕನ ದನಿ ಒಡೆಯಿತು. "ಗಂಡ ಹೋದ. ತಮ್ಮ ಹೋಗ್ತಾನೆ. ಹೇಳಿದ್ರೆ ಅವನ ಮಾತು ಮುರಿದ ಹಾಗೆ, ಎರಡು ಸಾವಿರ ಮನೆಯವರು ನನ್ನ ಮುಖಕ್ಕೆ ಉಗೀತಾರೆ. ಹೇಳದಿದ್ರೆ ನಾಳೆ ಹತ್ತು ಗಂಟೆ."

"ಉಗಿದ್ರೆ ಒರೆಸ್ಕೋಬಹುದು." ಇನ್ಸ್‌ಪೆಕ್ಟರ್ ಚೀಲದಿಂದ ಹಾಳೆ ತೆಗೆದು ಅವಳ ಮುಂದಿಟ್ಟಳು. "ಬರೆದುಕೊಡಿ. ಫಾರಂ, ಶನಿವಾರ, ಸೈಕಲ್ ಸ್ಟ್ಯಾಂಡು, ಸದ್ದು. ಸಹಿ ಹಾಕಿ. ನಾಳೆ ಅವನು ಮನೆಗೆ ಬರ್ತಾನೆ."

ಅಕ್ಕ ಅಂಗಿಗಳ ರಾಶಿಯನ್ನು ಬದಿಗೆ ಸರಿಸಿದಳು. ಪೆನ್ನು ಹಿಡಿದಳು. ಕೆಳಗೆ ಯಾರೋ ಚಕ್ರದ ರಿಮ್ಮಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ದುಂಡು ಅಕ್ಷರಗಳು ಸಾಲುಸಾಲಾಗಿ ಇಳಿದವು, ಒಂದೂ ತಿದ್ದಿಲ್ಲದೆ. ಮುಕ್ಕಾಲು ಹಾಳೆ ತುಂಬಿತು.

ಇನ್ಸ್‌ಪೆಕ್ಟರಳ ಫೋನು ಬಡಿದುಕೊಂಡಿತು. ದಫೇದಾರ.

"ಬಾಯಿ ಬಿಟ್ಟ ಮೇಡಂ."

"ಏನಂದ?"

"ನೀವು ಹೇಳಿದ್ದನ್ನೇ ಹೇಳಿದೆ. ಫಾರಂ ಅಕ್ಕ ಬರೆದದ್ದು ಗೊತ್ತಾಗಿದೆ ಅಂದೆ. ಮೇಡಂ ಈಗ ಎಲ್ಲಿದ್ದಾರೆ ಅಂದ. ನಿಮ್ಮಕ್ಕನ ಮನೇಲಿ ಅಂದೆ. ಅಷ್ಟೇ. ಎದ್ದು ನಿಂತ. ಭಾವನನ್ನು ಕೊಂದದ್ದು ನಾನೇ, ನ್ಯಾಯಾಧೀಶರ ಮುಂದೆ ಈಗಲೇ ಹೇಳ್ತೀನಿ ಅಂದ. ಸಾಹೇಬರು ಕಾಯಲಿಲ್ಲ, ಜೀಪು ತರಿಸಿದ್ರು. ಹೇಳಿ, ಸಹಿ ಹಾಕಿ, ಈಗ ತಾನೇ ಹೊರಗೆ ಬಂದ್ವಿ."

"ದಫೇದಾರ್ರೇ..."

"ನಾನೇನು ಮಾಡ್ಲಿ ಮೇಡಂ? ಅವನನ್ನ ತಡೆಯೋಕೆ ಆಗಲಿಲ್ಲ."

ಇನ್ಸ್‌ಪೆಕ್ಟರ್ ಫೋನು ಕೆಳಗಿಟ್ಟಳು. ಅಕ್ಕ ಅವಳ ಮುಖ ನೋಡುತ್ತಿದ್ದಳು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಹೇಳಿದಳು.

ಅಕ್ಕ ಅಳಲಿಲ್ಲ.

"ಕೇಸು ಉಳಿಸೋಕೆ," ಅಂದಳು ಮೆಲ್ಲಗೆ.

"ಅಲ್ಲ." ಇನ್ಸ್‌ಪೆಕ್ಟರಿಗೆ ತನ್ನ ದನಿಯೇ ದೂರದಿಂದ ಬಂದಂತಿತ್ತು. "ನಾನು ಫಾರಂ ವಿಷಯ ತಿಳ್ಕೊಂಡೆ ಅಂತ ಗೊತ್ತಾದ ಮೇಲೆ ಅವನು ಒಪ್ಪಿಕೊಂಡದ್ದು. ಕೇಸು ಮುಳುಗಿದ ಮೇಲೆ. ಉಳಿಸೋಕೆ ಅವನಿಗೆ ಇನ್ನೇನು ಉಳಿದಿತ್ತು?"

ಅಕ್ಕ ಪೆನ್ನನ್ನು ಹಾಳೆಯ ಮೇಲಿಟ್ಟಳು.

"ಸೈಕಲ್ ಸ್ಟ್ಯಾಂಡಿ‌ನಲ್ಲಿ ನಿಮ್ಮ ಮಣಿಕಟ್ಟು ಹಿಡಿದಿದ್ದ ಅಂದ್ರಿ. ಎಷ್ಟು ಹೊತ್ತು?"

"ಹಿಡಿದಿದ್ದ."

"ಬಿಡಲೇ ಇಲ್ವಾ?"

ಕೆಳಗೆ ಸುತ್ತಿಗೆ ನಿಂತಿತ್ತು.

"ವಾಚ್‌ಮನ್ ಕೂಗಿದ," ಅಂದಳು ಅಕ್ಕ. "ಗೇಟಿನ ಪುಸ್ತಕದಲ್ಲಿ ಸಹಿ ಮಾಡದೆ ಒಳಗೆ ಬಂದಿದ್ದೀಯಾ ಅಂತ ಅವನನ್ನ ವಾಪಸ್ ಕರೆದ."

"ಅಕ್ಕಾ, ಮೇಲೆ ಸದ್ದು ಕೇಳಿಸಿದಾಗ ನಿಮ್ಮ ಕೈ ಅವನ ಕೈಯಲ್ಲಿತ್ತಾ?"

ಅಕ್ಕ ಬರೆದ ಹಾಳೆಯನ್ನು ಒಮ್ಮೆ ಮೇಲಿಂದ ಕೆಳಗೆ ಓದಿದಳು. ಆಮೇಲೆ ಅದನ್ನು ನಾಲ್ಕಾಗಿ ಹರಿದು ಪೆನ್ನಿಗೆ ಮುಚ್ಚಳ ಹಾಕಿದಳು.

"ಇಲ್ಲ. ಆಗ ಅವನು ಗೇಟಿನಲ್ಲಿದ್ದ, ಸಹಿ ಹಾಕ್ತಿದ್ದ. ವಾಚ್‌ಮನ್‌ನ ಕೇಳಿ ನೋಡಿ, ಅವನ ಎದುರಿಗೇ ನಿಂತಿದ್ದ."

"ನೀವೆಲ್ಲಿದ್ರಿ?"

ಅಕ್ಕ ಎದ್ದು ನಿಂತು ಊಟದ ಡಬ್ಬಿಯನ್ನು ಇನ್ಸ್‌ಪೆಕ್ಟರಳ ಕೈಗೆ ಕೊಟ್ಟಳು.

"ಮೊದಲು ಅವನನ್ನು ಬಿಡಿ," ಅಂದಳು. "ಆಮೇಲೆ ನನ್ನನ್ನು ಕೇಳಿ."